ಪಿನ್ನಕ್ಕ ಹಾಕಿದ ಪಿನ್ನು

ತಣ್ಣಗಿದೆ ಪಿನ್ನು, ಭುಜದ ಹತ್ತಿರ, ಚುಚ್ಚಲಿಲ್ಲ ತಾನೆ ಮೇಡಂ, ಇಲ್ಲಮ್ಮ, ಇನ್ನೊಂದು ಹಾಕು ಎನ್ನುತ್ತೇನೆ, ವಸ್ತ್ರವಿಭಾಗದ ಹುಡುಗಿ ಕಣ್ಣರಳಿಸುತ್ತಾಳೆ, ಇವತ್ತಿನ ಶೂಟಿಂಗಿನಲ್ಲಿ ನಾನು ಸೋಫಾದ ಮೇಲೆ ಕೂತು ಪೇಪರ್ ಓದುವ ಅತ್ತೆ, ಅತ್ತೆಗ್ಯಾಕಪ್ಪ ಇಷ್ಟು ಬಂದೋಬಸ್ತು ಎಂದುಕೊಂಡಿರಬೇಕು, ಎಂದುಕೊಳ್ಳಲಿ, ನನಗೆ ಪಿನ್ನೆಂದರೆ ಪ್ರಾಣ, ಪಿನ್ನಕ್ಕನೆಂದರೆ ಪ್ರಾಣ — ತುಟಿಗಳ ನಡುವೆ ಸಾಲಾಗಿ ಪಿನ್ನು ಕಚ್ಚಿಕೊಂಡು ಸೆಟ್ಟಿನ ತುಂಬ ಓಡಾಡುತ್ತಿದ್ದ ದಪ್ಪ ಹೆಂಗಸು, ಏನು ಕೇಳಿದರೂ ಹ್ಞೂಂ, ಅಷ್ಟೇ — ನನ್ನ ಮೊದಲ ಸಿನಿಮಾ, ಮಂಚದ ದೃಶ್ಯ, ಕುತ್ತಿಗೆವರೆಗೆ ಹೊದ್ದು ಮಲಗಿರಮ್ಮ, ಹೀರೋ ಬಂದು ಪಕ್ಕ ಕೂರ್ತಾನೆ, ಕಟ್, ಅಷ್ಟೇ, ಎಂದಿದ್ದರು ನಿರ್ದೇಶಕರು, ನಾನು ನಂಬಿದೆ, ಹೊದಿಕೆಯೊಳಗೆ ತೆಳ್ಳನೆಯ ಒಳಂಗಿ, ದೀಪಗಳ ಕಾವು, ಸುತ್ತ ಗಂಡಸರು, ಏಣಿಯ ಮೇಲೂ ಗಂಡಸರು, ಪರದೆಯ ಹಿಂದೆ ಅದೇ ನಿರ್ದೇಶಕರು ನಾಯಕನ ಕಿವಿಯಲ್ಲಿ ಹೊದಿಕೆ ಒಂದೇ ಸಲಕ್ಕೆ ಎಳೆದುಬಿಡು, ಅವಳಿಗೆ ಹೇಳ್ಬೇಡ, ಮುಖದಲ್ಲಿ ನಿಜವಾದ ಗಾಬರಿ ಬೇಕು ನಂಗೆ ಎನ್ನುತ್ತಿದ್ದರಂತೆ, ನನಗೇನು ಗೊತ್ತು, ಅಲ್ಲೇ ಇಸ್ತ್ರಿ ಮಾಡುತ್ತಿದ್ದ ಪಿನ್ನಕ್ಕನಿಗೆ ಕೇಳಿಸಿತ್ತು, ಬಂದಳು, ಬಗ್ಗಿದಳು, ಹೊದಿಕೆಯನ್ನು ಒಳಂಗಿಗೆ, ಹಾಸಿಗೆಗೆ, ಮತ್ತೆ ಒಳಂಗಿಗೆ ಸೇರಿಸಿ ಪಿನ್ನು ಹಾಕುತ್ತಲೇ ಹೋದಳು, ಯಾಕಕ್ಕ ಎಂದೆ, ಹ್ಞೂಂ.

ಆ್ಯಕ್ಷನ್, ಅವನು ಎಳೆದ, ಹೊದಿಕೆ ಬಿಗಿಯಾಯಿತು, ಬರಲಿಲ್ಲ, ಇನ್ನೊಮ್ಮೆ ಎಳೆದ, ಹಾಸಿಗೆಯೇ ಅಲ್ಲಾಡಿತು, ಏಣಿಯ ಮೇಲಿನವನೊಬ್ಬ ಕಿಸಕ್ಕನೆ ನಕ್ಕ, ನನಗೆ ಆಗ ಅರ್ಥವಾಯಿತು, ಮೈ ಹಿಮವಾಯಿತು, ಯಾರ್ರೀ ಪಿನ್ ಹಾಕಿದ್ದು ಎಂದು ನಿರ್ದೇಶಕರು ಕೂಗಿದರು, ಪಿನ್ನಕ್ಕ ತುಟಿಯಿಂದ ಒಂದೊಂದೇ ಪಿನ್ನು ತೆಗೆದು ಅಂಗೈಗೆ ಹಾಕಿಕೊಂಡಳು, ಮೊದಲ ಸಲ ಅವಳ ದನಿ ಕೇಳಿದೆ, ನಾನೇ ಸಾರ್, ಮಗು ಚಳಿ ಅಂತು — ಆ ಸೆಕೆಯಲ್ಲಿ ಚಳಿ! — ಅವಳನ್ನು ಆಗಲೇ ಮನೆಗೆ ಕಳಿಸಿದರು, ನಾನೂ ಹಾಸಿಗೆಯ ಪಿನ್ನುಗಳನ್ನು ಕಿತ್ತು ಎದ್ದು ಹಿಂದೆಯೇ ನಡೆದೆ, ಹೊದಿಕೆ ಇನ್ನೂ ಒಳಂಗಿಗೆ ಅಂಟಿಕೊಂಡೇ ಇತ್ತು, ಬಾಲದ ಹಾಗೆ, ಬಸ್ ಸ್ಟಾಪಿನಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು, ಆಮೇಲೆ ಅತ್ತೆವು, ನನ್ನ ಮದುವೆಯ ರವಿಕೆ ಹೊಲಿದವಳೂ ಅವಳೇ, ಥ್ಯಾಂಕ್ಸ್ ಅಕ್ಕ ಎಂದರೆ ಮುಚ್ಚೇ ಬಾಯಿ ಎನ್ನುತ್ತಿದ್ದಳು, ಈಗ ಬೈಯಲೂ ಅವಳಿಲ್ಲ, ಥ್ಯಾಂಕ್ಸ್ ಅಕ್ಕ, ರೆಡೀನಾ ಮೇಡಂ, ಹ್ಞೂಂ, ಪೇಪರ್ ಬಿಡಿಸುತ್ತೇನೆ, ಅಕ್ಷರ ಕಾಣುವುದಿಲ್ಲ, ಅವನು ಎಳೆಯುತ್ತಾನೆ, ಹೊದಿಕೆ ಬಿಗಿಯಾಗುತ್ತದೆ, ಬರುವುದಿಲ್ಲ, ಎಳೆಯುತ್ತಾನೆ, ಬರುವುದಿಲ್ಲ