ಪಡುವಣ ದಂಡೆಯ ಐದು ಬೆಳಗು

"ಅಳತೆ ಅಂದ್ರೆ ಹೀಗಿರಬೇಕು," ಎಂದು ಮೇಷ್ಟ್ರು ಪ್ರೊಜೆಕ್ಟರ್ ಗೋಡೆಯ ಮೇಲೆ ಮೂಡಿಸಿದ ಗೆರೆಗಳನ್ನು ಸ್ಕೇಲಿನಿಂದ ಮುಟ್ಟಿ ತೋರಿಸಿದಾಗ ಟೈಲರಮ್ಮನ ಮಗಳು ತಲೆ ತಗ್ಗಿಸಿದಳು. ನಾಚಿಕೆ ಇರಬೇಕೆಂದು ಎಲ್ಲರೂ ತಿಳಿದರು. ಕಂಪ್ಯೂಟರ್ ಹೇಳಿದ ಗೆರೆ ನೀಲಿ, ಇವಳು ಕೆರೆಯಿಂದ ಅಳೆದು ತಂದದ್ದು ಕೆಂಪು. ಎರಡೂ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿದ್ದವು. ಕೂರದೆ ಏನು ಮಾಡುತ್ತವೆ? ಕೊನೆಯ ಐದು ದಿನ ಇವಳು ಕೆರೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಮಲಗಿದ್ದು ಇದೇ ಕಂಪ್ಯೂಟರ್ ಕೋಣೆಯಲ್ಲಿ. ಬೇಸಿಗೆ ಶಿಬಿರದ ಮಕ್ಕಳು ಇಲ್ಲಿ ಊರ ಕೆರೆಯನ್ನು ಕಂಪ್ಯೂಟರಿಗೆ ಇಳಿಸುವುದನ್ನು ಕಲಿಯುತ್ತಿದ್ದರು. ಬಿಸಿಲೆಷ್ಟು, ಪಾಚಿ ಎಷ್ಟು, ಸೇರುವ ಕೊಳಕೆಷ್ಟು ಎಂದು ತುಂಬಿದರೆ, ನಾಳೆ ನೀರಿನಲ್ಲಿ ಎಷ್ಟು ಆಮ್ಲಜನಕ ಉಳಿಯುತ್ತದೆಂದು ಅದು ಹೇಳುತ್ತಿತ್ತು. ಅದು ಹೇಳಿದ್ದು ನಿಜವೋ ಎಂದು ನೋಡಲು ಬೆಳಿಗ್ಗೆ ಆರಕ್ಕೆ ಕೆರೆಗೆ ಹೋಗಿ ಮೀಟರ್ ಇಳಿಸಿ ಬರೆದುಕೊಳ್ಳಬೇಕು. ಮೂಡಣ ದಂಡೆ ಕಡ್ಡಿಯದು, ಪಡುವಣ ಇವಳದು. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತ ಗೆಳತಿಗೆ ಕಡ್ಡಿ ಎಂದು ಹೆಸರಿಟ್ಟವಳೂ ಇವಳೇ.

ಇವಳ ಮನೆಗೆ ತಗಡಿನ ಸೂರು. ಸೆಕೆಗೆ ರಾತ್ರಿಯಿಡೀ ಹೊರಳಾಡಿ, ಬೆಳಿಗ್ಗೆ ಕೆರೆಗೆಂದು ಹೊರಟವಳು ದಾರಿಯಲ್ಲಿ ಈ ಕೋಣೆಯ ಬಾಗಿಲು ತೆರೆದಿದ್ದನ್ನು ಕಂಡಳು. ಒಳಗೆ ಎ.ಸಿ. ಐದೇ ನಿಮಿಷ ಎಂದುಕೊಂಡು ಮೇಜಿಗೆ ತಲೆಯಿಟ್ಟಳು; ಕಣ್ಣು ಬಿಟ್ಟಾಗ ಎಂಟೂವರೆ. ಆ ದಿನಕ್ಕೆ ಕಂಪ್ಯೂಟರ್ ಹೇಳಿದ್ದು 6.2. ಇವಳು ಪುಸ್ತಕದಲ್ಲಿ 6.3 ಎಂದು ಬರೆದಳು. ಮರುದಿನವೂ ಮಲಗಿದಳು, ಒಂಚೂರು ಕಮ್ಮಿ ಬರೆದಳು. ಕಂಪ್ಯೂಟರಿನ ಉತ್ತರವನ್ನೇ ಕದ್ದು ಕಂಪ್ಯೂಟರಿಗೇ ತೋರಿಸಿದರೆ ಅದು ತಲೆಯಾಡಿಸದೆ ಇರುತ್ತದೆಯೇ?

ಆದರೆ ಅದೇ ಐದು ದಿನ ಕಡ್ಡಿಯ ಹಸಿರು ಗೆರೆ ಮೆಟ್ಟಿಲು ಇಳಿದಂತೆ ಇಳಿದಿತ್ತು. ಕೊನೆಯದು 2.8. ಮೂರಕ್ಕಿಂತ ಕಮ್ಮಿಯಾದರೆ ಮೀನಿಗೆ ಉಸಿರು ಕಟ್ಟುತ್ತದೆಂದು ಮೇಷ್ಟ್ರೇ ಹೇಳಿಕೊಟ್ಟಿದ್ದರು.

"ಒಂದೇ ಕೆರೆಲಿ ಇಷ್ಟು ವ್ಯತ್ಯಾಸ ಹೇಗಮ್ಮಾ? ಮೀಟರ್ ತೊಳೆದಿಲ್ಲ ನೀನು."

"ತೊಳ್ದಿದ್ದೆ ಸರ್," ಎಂದಳು ಕಡ್ಡಿ.

"ಹಾಗಾದ್ರೆ ನಿನ್ನ ದಂಡೆ ಮೀನೆಲ್ಲ ಉಸಿರು ಬಿಗಿಹಿಡ್ಕೊಂಡು ಕೂತಿರಬೇಕು."

ಮಕ್ಕಳು ನಕ್ಕರು. ನಾಳೆ ಕೆರೆಯ ಉಸ್ತುವಾರಿಯ ಇಂಜಿನಿಯರ್ ಬರುವವರಿದ್ದರು. ಅವರ ಮುಂದೆ ಮಾತಾಡಬೇಕಾದವಳು ಕಡ್ಡಿ; ವಾರದಿಂದ ಬಾಯಿಪಾಠ ಮಾಡಿದ್ದಳು. "ನೀನು ಬೇಡ, ಇವಳೇ ಹೇಳಲಿ. ಕೆರೆ ಚೆನ್ನಾಗಿದೆ ಅಂತ ತೋರಿಸಿದ್ರಾಯ್ತು," ಎಂದರು ಮೇಷ್ಟ್ರು.

ಮನೆಗೆ ಬರುವ ದಾರಿಯಲ್ಲಿ ಕಡ್ಡಿ ಕೇಳಿದಳು, "ಮೀಟರ್ ಎಷ್ಟು ಹೊತ್ತು ನೀರಲ್ಲಿ ಬಿಡ್ತೀಯೇ?"

"ಎರಡು ನಿಮಿಷ."

"ನಾನೂ ಅಷ್ಟೇ ಬಿಡ್ತೀನಲ್ಲ," ಎಂದಳು ಕಡ್ಡಿ, ತನ್ನ ಕೈಯನ್ನೇ ನೋಡಿಕೊಳ್ಳುತ್ತ.

ಊಟಕ್ಕೆ ಕೂತವಳು ಅನ್ನವನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸುತ್ತಿದ್ದಳು. ಟೈಲರಮ್ಮ ಹೊಲಿಗೆ ನಿಲ್ಲಿಸಿ ಕೇಳಿದಳು, "ಯಾಕೆ, ಮೇಷ್ಟ್ರು ಬೈದ್ರಾ?"

"ಇಲ್ಲಮ್ಮ, ಹೊಗಳಿದ್ರು."

"ಹೊಗಳಿದ್ದಕ್ಕೇ ಈ ಮುಖ ಆದ್ರೆ, ಬೈದ್ರೆ ಇನ್ನೇನು ಗತಿಯೋ."

ಬೆಳಿಗ್ಗೆ ಆರಕ್ಕೆ ಅವಳು ಪಡುವಣ ದಂಡೆಯಲ್ಲಿದ್ದಳು. ಮೀಟರನ್ನು ಮೂರು ಸಲ ತೊಳೆದು ಇಳಿಸಿದಳು. 2.6. ಜಾಗ ಬದಲಿಸಿ ಮತ್ತೆ ಇಳಿಸಿದಳು. 2.6. ಈ ದಂಡೆಯಲ್ಲೂ ಅದೇ ಕಥೆ. ಕಡ್ಡಿಗೆ ಹೇಳಿ, ಆಮೇಲೆ ಮೇಷ್ಟ್ರಿಗೆ ಹೇಳುವುದೆಂದು ಓಡಿದಳು.

ಕೋಣೆಯಲ್ಲಿ ಕಡ್ಡಿ ಆಗಲೇ ಬಂದು ಕೂತಿದ್ದಳು. ಮೇಜಿನ ತುಂಬ ರಬ್ಬರಿನ ಪುಡಿ.

"ಸರಿ ಮಾಡ್ಬಿಟ್ಟೆ ಕಣೇ," ಎಂದು ಪುಸ್ತಕ ತಳ್ಳಿದಳು. "ನಿಂದು ನೋಡ್ಕೊಂಡು ಬರ್ದೆ. ಕಂಪ್ಯೂಟರಲ್ಲೂ ತಿದ್ದಿದೀನಿ. ಸರ್‌ಗೆ ಹೇಳ್ಬೇಡ."

ಐದು ದಿನದ ಅಂಕಿಗಳು ಬದಲಾಗಿದ್ದವು. 6.3, 6.2, 6.1. ಸುಳ್ಳು ಈಗ ಎರಡೂ ದಂಡೆಗೆ ಹಬ್ಬಿತ್ತು. ಓಡಿ ಬಂದ ಏದುಸಿರಿನಲ್ಲೇ ಅವಳೆಂದಳು, "ನಾನು ಹೋಗೇ ಇರ್ಲಿಲ್ಲ. ಇಲ್ಲೇ ಮಲ್ಗಿದ್ದೆ. ಬರ್ದಿದ್ದೆಲ್ಲ ಸುಳ್ಳು."

"ಐದು ದಿನಾನೂ?"

"ಐದು ದಿನಾನೂ."

ಕಡ್ಡಿ ಬೈಯಲಿಲ್ಲ. ಒಂದೇಟು ಹೊಡೆದಿದ್ದರೂ ಹಗುರಾಗುತ್ತಿತ್ತೇನೋ. ರಬ್ಬರಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಕೂಡಿಸುತ್ತ ಕೇಳಿದಳು, "ಹಾಗಾದ್ರೆ ನಂದು ಸರಿ ಇತ್ತಾ?"

"ಸರಿ ಇತ್ತು."

"ಅಳಿಸಿಬಿಟ್ನಲ್ಲೇ."

ಟೈಲರಮ್ಮನ ಮಗಳು ಪುಸ್ತಕವನ್ನು ಕಿಟಕಿಯ ಬಳಿ ಒಯ್ದು ಬೆಳಕಿಗೆ ಓರೆಯಾಗಿ ಹಿಡಿದಳು. ಕಡ್ಡಿ ಯಾವಾಗಲೂ ಪೆನ್ಸಿಲನ್ನು ಒತ್ತಿ ಬರೆಯುವವಳು. ಹೊಸ ಅಂಕಿಯ ಅಡಿಯಲ್ಲಿ ಹಳೆಯದರ ಗುಳಿ ಮಸುಕಾಗಿ ಉಳಿದಿತ್ತು.

"ಕಾಣ್ತಿದೆ. ನಾನು ಓದ್ತೀನಿ, ನೀನು ಹಾಕು."

"ಮೊದಲು ನಿಂದು ಅಳಿಸು," ಎಂದಳು ಕಡ್ಡಿ, ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡು.

ಅವಳು ಕಂಪ್ಯೂಟರಿನ ಮುಂದೆ ಬಂದು ತನ್ನ ಐದು ಬೆಳಗುಗಳನ್ನು ಒಂದೊಂದಾಗಿ ಅಳಿಸಿದಳು. ಪರದೆಯ ಮೇಲೆ ಕೆಂಪು ಗೆರೆ ಅರ್ಧಕ್ಕೇ ನಿಂತಿತು. ಹೊರಗೆ ಮೇಷ್ಟ್ರು ಯಾರನ್ನೋ ಕರೆತರುತ್ತಿದ್ದ ಮಾತು, ಹೆಜ್ಜೆ ಕೇಳಿಸಿದವು. ಅವಳು ಕಿಟಕಿಗೆ ಮರಳಿ ಬೆರಳ ತುದಿಯಿಂದ ಹಾಳೆಯನ್ನು ಸವರುತ್ತ ಓದತೊಡಗಿದಳು.

"ಐದು ಪಾಯಿಂಟ್ ಒಂದು. ನಾಲ್ಕು ಪಾಯಿಂಟ್ ನಾಲ್ಕು. ಇದು ಮೂರೋ ಎಂಟೋ?"

"ಮೂರು," ಎಂದಳು ಕಡ್ಡಿ, ಪುಸ್ತಕ ನೋಡದೆಯೇ. ಹಸಿರು ಗೆರೆ ಇನ್ನೊಂದು ಮೆಟ್ಟಿಲು ಇಳಿಯಿತು.