ಯಾವ ಕಾಲು

ಎಡಗಡಿಗೆ ಯಾರ್ನ ತಗೋತಾರ ಅನ್ನೂದರ ಮ್ಯಾಲ ಎಲ್ಲಾ ಐತಿ ನೋಡಲೇ, ಬಾಕಿ ಎಲ್ಲಾ ಗೊತ್ತಿದ್ದದ್ದ — ಹಿಂದಿನ ಸೀಟಿನಿಂದ ಬಂದ ಮಾತು ಹುಲಗಪ್ಪನ ಕುತ್ತಿಗೆಗೆ ತಾಗಿ ಅಲ್ಲೇ ನಿಂತಿತು, ಅವನು ತಿರುಗಲಿಲ್ಲ, ಕಿಟಕಿಯಾಚೆ ಮುಳಗುಂದದ ಕೊನೆಯ ಮನೆಗಳು ಹಿಂದೆ ಸರಿದು ಎರೆಹೊಲ ಶುರುವಾಗಿತ್ತು, ಹತ್ತಿ ಒಡೆದಿತ್ತು, ಬಿಡಿಸುವ ಹೆಂಗಸರು ಉಡಿ ಕಟ್ಟಿಕೊಂಡು ಸಾಲಿನಲ್ಲಿ ಬಾಗಿದ್ದರು, ಗದಗಿನಲ್ಲಿ ಬಸ್ಸು ಬಿಟ್ಟಾಗಿನಿಂದ ಹಿಂದೆ ಕೂತ ಇಬ್ಬರು ತರುಣರದು ಇದೊಂದೇ ಮಾತು, ಬರುವ ರವಿವಾರ ಹುಬ್ಬಳ್ಳಿಯ ಹತ್ತಿ ಗಿರಣಿಯ ಫುಟ್‌ಬಾಲ್ ತಂಡದವರು ಗದಗಿಗೆ ಬರುತ್ತಾರಂತೆ, ಸುತ್ತಲಿನ ಊರುಗಳ ಆಟಗಾರರನ್ನು ಮೈದಾನದಲ್ಲಿ ಆಡಿಸಿ ನೋಡಿ ಮೂವರನ್ನು ಆರಿಸಿಕೊಳ್ಳುತ್ತಾರಂತೆ, ಆರಿಸಿದವರಿಗೆ ಗಿರಣಿಯಲ್ಲೇ ಕಾಯಂ ಕೆಲಸ, ಗೋಲಿಗೆ ಬೆಟಗೇರಿಯವನೇ ಅಂತ ಒಬ್ಬ, ಬ್ಯಾಕಿಗೆ ಹಿರೇಹಂದಿಗೋಳದ ಆ ಉದ್ದನೆಯವನನ್ನು ಬಿಟ್ಟರೆ ಇನ್ಯಾರಿದ್ದಾರೆ ಅಂತ ಇನ್ನೊಬ್ಬ, ಗಿರಣಿಯವರು ಇವರನ್ನೇ ಕೇಳಿ ಹೆಸರು ಬರೆಯುತ್ತಾರೇನೋ ಅನ್ನುವ ಹಾಗೆ. ಒಂಬತ್ತು ವರ್ಷದ ಹಿಂದೆಯೂ ಹೀಗೇ, ಎಪ್ಪತ್ತಾರರಲ್ಲಿ, ಅದೇ ಗಿರಣಿ, ಅದೇ ಮೈದಾನ, ಅದೇ ಎಡಗಡೆಯ ಜಾಗ, ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು, ಆದರೆ ತೊಡೆಯ ಮೇಲೆ ಸಕ್ಕರೆ, ಚಹಾಪುಡಿಯ ಚೀಲ, ಸತ್ತವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಹೆಂಡತಿ ಗುರುಸಿದ್ದವ್ವ ಕಟ್ಟಿಕೊಟ್ಟದ್ದು, ಎರಡೂ ಕೈ ಅದನ್ನೇ ಹಿಡಿದಿವೆ. ಗುಡುಸಾಬ ಹೋಗಿ ಇವತ್ತಿಗೆ ಹನ್ನೊಂದು ದಿನ, ತಿಳಿದದ್ದು ನಿನ್ನೆ, ಸೀರೆ ಒಯ್ಯಲು ಬಂದ ಲಕ್ಷ್ಮೇಶ್ವರದ ವ್ಯಾಪಾರಿ ಮಗ್ಗದ ಮುಂದೆ ನಿಂತು, ನಿನ್ನ ದೋಸ್ತ ತೀರಿಕೊಂಡನಲ್ಲೋ ಹುಲಗಪ್ಪಾ, ನಿನಗ ಖಬರ ಇಲ್ಲೇನು ಅಂದ, ಲಾಳಿ ಕೈಯಲ್ಲೇ ಉಳಿಯಿತು, ಯಾವಾಗ ಅಂತ ಕೇಳಿದ, ಹೇಗೆ ಅಂತ ಕೇಳಲಿಲ್ಲ, ಹೇಗೆ ಅನ್ನುವುದು ಮೂರು ವರ್ಷದಿಂದ ಗೊತ್ತೇ ಇತ್ತು, ಎದೆ, ಕೆಮ್ಮು, ಒಳಗೆ ಕೂತ ಅರಳೆಯ ಧೂಳು, ಇವತ್ತಲ್ಲ ನಾಳೆ ಹೋಗಿ ಆ ಮಾತು ಹೇಳಿಬಿಡಬೇಕು ಅಂತ ಪ್ರತಿ ಸಲ ಬಸ್ಸು ಹತ್ತುವಾಗ ಅಂದುಕೊಂಡದ್ದು, ಪ್ರತಿ ಸಲ ಹೇಳದೆ ಇಳಿದು ಬಂದದ್ದು, ಈಗ ಯಾರಿಗೆ ಹೇಳುವುದು.

ಗುಡುಸಾಬ ಲಕ್ಷ್ಮೇಶ್ವರದವನು, ಅರಳೆ ಹಿಂಜಿ ಗಾದಿ ಹೊಲಿಯುವ ಮನೆತನ, ಆದರೆ ಆಗ ಹುಲಗಪ್ಪನ ಊರು ಬೆಟಗೇರಿಯಲ್ಲಿ ಸೋದರಮಾವ ಬುಡ್ಡೇಸಾಬನ ಮನೆಯಲ್ಲಿದ್ದುಕೊಂಡು ಅಲ್ಲಿನ ತರುಣ ಸಂಘಕ್ಕೆ ಆಡುತ್ತಿದ್ದ, ಬರಿಗಾಲಲ್ಲಿ, ಎಡಗಡೆಯ ಗೆರೆಗುಂಟ, ಚೆಂಡು ಒಯ್ಯುವಾಗ ನಾಲಿಗೆಯ ತುದಿ ತುಟಿಯ ಮೂಲೆಗೆ ಬರುತ್ತಿತ್ತು, ಅದು ಹೊರಗೆ ಬಂತೆಂದರೆ ಇವತ್ತು ಗೋಲು ಅಂತ ಹುಲಗಪ್ಪನಿಗೆ ಗೊತ್ತಾಗುತ್ತಿತ್ತು, ಹುಲಗಪ್ಪನೇನು ಆಟಗಾರನಲ್ಲ, ಚೆಂಡಿಗೆ ಗಾಳಿ ತುಂಬುವವನು, ಗೆರೆಯ ಪಕ್ಕ ನಿಂತು ಕೂಗುವವನು, ಗುಡುಸಾಬ ಅಂಗಿ ಕಳಚಿ, ಕೊರಳಿನ ತಾಯಿತ ಬಿಚ್ಚಿ ಇವನ ಕೈಗೇ ಕೊಡುತ್ತಿದ್ದ, ಬೇರೆ ಯಾರಿಗೂ ಕೊಡುತ್ತಿರಲಿಲ್ಲ, ಹಿಡ್ಕೊಳಲೇ ಹುಲಗ್ಯಾ. ಆ ವಾರ ಲಕ್ಷ್ಮಪ್ಪನ ಚಹಾದ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ, ಇಬ್ಬರನ್ನು ತೆಗೆದುಕೊಳ್ಳುತ್ತಾರೆ, ಯಾರು ಆ ಇಬ್ಬರು, ಮಗ್ಗದಿಂದ ಎದ್ದು ಬಂದವರೂ ಪ್ಯಾಟೆಗೆ ಹೊರಟವರೂ ಬೆಂಚಿಗೆ ಕೂತು ತಂಡ ಕಟ್ಟುವರು, ಕಟ್ಟಿದ್ದನ್ನು ಕೆಡವುವರು, ಮುದಕಪ್ಪ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ, ಗುಡುಸಾಬನ ಹೆಸರು ಮೊದಲ ಬರೀತಾರ, ಅದು ಬಿಡ್ರಿ, ಎರಡನೇದ್ದು ಯಾರದು ಅಷ್ಟ ಹೇಳ್ರಿ ಅಂದರು, ಎಲ್ಲರೂ ಒಂದೊಂದು ಹೆಸರು ಹೇಳಿದರು, ಹುಲಗಪ್ಪನನ್ನು ಯಾರೂ ಕೇಳಲಿಲ್ಲ, ಆರು ದಿನ ಯಾರೂ ಕೇಳಲಿಲ್ಲ, ಅದು ಇಷ್ಟು ವರ್ಷವಾದರೂ ನೆನಪಿದೆ, ಮತ್ತು ಆ ಆರನೇ ದಿನದ ಹಿಂದಿನ ದಿನವಷ್ಟೇ ಬುಡ್ಡೇಸಾಬನ ಹಿತ್ತಲಲ್ಲಿ ಕೂತು ಅವನು ಗುಡುಸಾಬನ ಮೊಣಕಾಲಿಗೆ ಔಡಲ ಎಣ್ಣೆ ತಿಕ್ಕಿದ್ದ, ಮುಂಡರಗಿಯವರ ಸಂಗಡ ಆಡಿದಾಗ ಬಿದ್ದ ಒದೆ, ಬಾವೇನೂ ದೊಡ್ಡದಲ್ಲ, ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಹಲ್ಲು ಕಚ್ಚುತ್ತಿದ್ದ, ಯಾರ ಮುಂದೂ ಅನಬ್ಯಾಡಲೇ, ರವಿವಾರದ ತನಕ ಆರಾಮ ಆಗತೈತಿ ಅಂದಿದ್ದ, ಇಲ್ಲಪಾ ನಾ ಯಾಕ ಅನ್ನಲಿ ಅಂತ ಇವನೂ ಅಂದಿದ್ದ. ಹೊಟ್ಟೆಕಿಚ್ಚೇ ಅದು — ಅವನು ಹುಬ್ಬಳ್ಳಿಗೆ ಹೋಗುತ್ತಾನೆ, ಇವನು ಮಗ್ಗದ ಕುಣಿಯಲ್ಲೇ ಉಳಿಯುತ್ತಾನೆ ಅಂತಲೇ — ಅಲ್ಲ, ಅಷ್ಟೂ ಅಲ್ಲ, ಎಲ್ಲರಿಗೂ ಗೊತ್ತಿಲ್ಲದ್ದೊಂದು ತನಗೆ ಗೊತ್ತಿದೆ ಅನ್ನುವ ಸೊಕ್ಕು, ಅಷ್ಟೇ, ಅದಕ್ಕೇ ಆರನೇ ದಿನ ಅಂಗಡಿಯಲ್ಲಿ ಬಾಯಿ ತೆರೆದ, ಹೆಸರು ಆಮ್ಯಾಲ ಬರೀರಿ, ಮೊದಲ ಅವನ ಮೊಣಕಾಲ ನೋಡ್ರಿ ಅಂದ, ಇಡೀ ಅಂಗಡಿ ಇವನ ಕಡೆ ತಿರುಗಿತು, ಎಷ್ಟು ಹಿತವಾಗಿತ್ತು ಅದು, ಮಾಸ್ತರರು ಕೂಡ ಕನ್ನಡಕ ಏರಿಸಿಕೊಂಡು ನೋಡಿದರು, ಏನಾಗೇತಿ ಅಂತ ಯಾರೋ, ಏನಿಲ್ಲ ಬಿಡ್ರಿ ನಾ ಏನೂ ಹೇಳಾಂಗಿಲ್ಲ ಅಂತ ಇವನು, ಆಗ ಮೂಲೆಯಲ್ಲಿ ಬಸಿಗೆ ಚಹಾ ಸುರಿದುಕೊಂಡು ಊದುತ್ತಿದ್ದ ಬಿಳಿ ಪ್ಯಾಂಟಿನ ಪರ ಊರಿನವನೊಬ್ಬ ತಲೆ ಎತ್ತಿ, ತೀರಾ ಮೆಲ್ಲಗೆ, ಯಾವ ಕಾಲು ಅಂದ. ಎಡಗಾಲು, ಅಂದ ಹುಲಗಪ್ಪ. ಕೇಳಿದವನು ಯಾರು ಅಂತ ಕೂಡ ನೋಡಲಿಲ್ಲ, ಎಡಗಾಲು ಅಂದುಬಿಟ್ಟ.

ರವಿವಾರ ಮೈದಾನದಲ್ಲಿ ಮೂರು ಕುರ್ಚಿ ಹಾಕಿದ್ದರು, ನಡುವಿನ ಕುರ್ಚಿಯಲ್ಲಿ ಆ ಬಿಳಿ ಪ್ಯಾಂಟು, ಕೈಯಲ್ಲಿ ಕಾಗದ, ಗಿರಣಿಯಿಂದ ಆರಿಸಲು ಬಂದವನು ಅವನೇ, ಹುಲಗಪ್ಪ ಹೋಗಿ ಅವನ ಕಾಲು ಹಿಡಿಯಬೇಕಿತ್ತು, ಸಾಹೇಬರ ಸುಳ್ಳು ಹೇಳೀನ್ರಿ ಅನ್ನಬೇಕಿತ್ತು, ಐವತ್ತು ಹೆಜ್ಜೆ ದೂರವೂ ಇರಲಿಲ್ಲ, ಹೋಗಲಿಲ್ಲ, ಯಾಕೆಂದರೆ ಗುಡುಸಾಬ ಅವತ್ತು ಆಡಿದ್ದನ್ನು ಕಣ್ಣಿದ್ದವರು ಯಾರೂ ಮರೆಯಲಾರರು, ನಾಲಿಗೆ ತುಟಿಯ ಮೂಲೆಗೆ ಬಂತು, ಒಂದು, ಮತ್ತೆ ಬಂತು, ಎರಡು, ಇನ್ನು ಯಾವ ಮೊಣಕಾಲಿನ ಮಾತು ಅಂತ ಇವನು ಉಸಿರು ಬಿಟ್ಟ, ಆಟ ಮುಗಿದ ಮೇಲೆ ಅವರು ಗುಡುಸಾಬನನ್ನು ಕುರ್ಚಿಯ ಹತ್ತಿರ ಕರೆದರು, ಬಿಳಿ ಪ್ಯಾಂಟಿನವನು ಬಾಗಿ ಎಡ ಮೊಣಕಾಲಿಗೆ ಹೆಬ್ಬೆರಳು ಒತ್ತಿದ, ದೂರದಿಂದ ಗುಡುಸಾಬನ ಬೆನ್ನಷ್ಟೇ ಕಾಣುತ್ತಿತ್ತು, ಏನೋ ಕೇಳಿದರು, ಏನೋ ಹೇಳಿದ, ಅವರೂ ಏನೋ ಹೇಳಿದರು, ಹೆಸರು ಓದಿದರು, ಎರಡು ಹೆಸರು, ಅವನದಿಲ್ಲ, ಜೀಪು ಧೂಳೆಬ್ಬಿಸಿಕೊಂಡು ಹೊರಟಿತು, ಆಗ ಗುಡುಸಾಬ ಮೈದಾನದ ನಡುವೆ ಬಂದು ನಿಂತು ಎರಡೂ ಕೈ ಮುಂದೆ ಚಾಚಿ ಬೈಠಕ್ ಹೊಡೆಯತೊಡಗಿದ, ಕೂರುವುದು, ಏಳುವುದು, ಕೂರುವುದು, ಏಳುವುದು, ನೋಡ್ರಿ, ಎಲ್ಲೈತಿ ನೋವು, ನೋಡ್ರಿ, ಹತ್ತು, ಹನ್ನೊಂದು, ಮೊದಲು ಮಂದಿ ಕೂಡಿ ಎಣಿಸಿದರು, ಆಮೇಲೆ ನಕ್ಕರು, ಇಪ್ಪತ್ತು ದಾಟಿದ ಮೇಲೆ ನಗಲಿಲ್ಲ, ಮೂವತ್ತಕ್ಕೆ ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು, ಎಡಗಾಲು ನಡುಗುತ್ತಿತ್ತು, ಹುಲಗಪ್ಪ ಸುಣ್ಣದ ಗೆರೆಯ ಮೇಲೆ ಅವನ ಅಂಗಿ ಹಿಡಿದುಕೊಂಡು ನಿಂತೇ ಇದ್ದ.

ಸೊರಟೂರ, ಯಾರರ ಇಳಿಯೋರದೀರೇನು — ಕಂಡಕ್ಟರ್ ಕೂಗಿದ, ಒಬ್ಬ ಮುದುಕಿ ಕೋಳಿಬುಟ್ಟಿ ಹಿಡಿದು ಇಳಿದಳು, ಬಸ್ಸು ಮತ್ತೆ ಹೊರಟಿತು, ಹಿಂದಿನವರು ಈಗ ಶಿರಹಟ್ಟಿಯ ಮೂಕಪ್ಪನಿಗೆ ಬಂದಿದ್ದಾರೆ, ಎಡಗಡೆಗೆ ಅವನನ್ನು ಬಿಟ್ಟರೆ ಯಾರೂ ಇಲ್ಲ ಅಂತ ಒಬ್ಬ, ತಡಿಯಲೇ, ಅವಗ ಉಬ್ಬಸ ಐತಿ, ಅವರಪ್ಪಗೂ ಇತ್ತು, ಮಂದಿಗಿ ಗೊತ್ತಿಲ್ಲ ನನಗ ಗೊತ್ತೈತಿ ಅಂತ ಇನ್ನೊಬ್ಬ, ಆ ದನಿ, ಆ ನನಗ ಗೊತ್ತೈತಿ, ಹುಲಗಪ್ಪ ಗಕ್ಕನೆ ತಿರುಗಿದ, ಅದನ್ನ ಬಸ್ಸಿನಾಗ ಕುಂತು ಯಾಕ ಹೇಳತೀಯೋ ತಮ್ಮಾ, ಯಾರ್ಯಾರ ಕಿವಿಗಿ ಬೀಳತೈತೋ ಏನೋ ಅಂದ, ದನಿ ತನಗೇ ಜೋರೆನಿಸಿತು, ಇಬ್ಬರೂ ಮಿಕಿಮಿಕಿ ನೋಡಿದರು, ಮೀಸೆ ಚಿಗುರಿದ ಮುಖಗಳು, ಕೆಟ್ಟವರೇನಲ್ಲ, ಯಾಕ್ರಿ ಕಾಕಾ, ಮೂಕಪ್ಪ ನಿಮ್ಮ ಪೈಕಿ ಏನ್ರಿ ಅಂದ ಒಬ್ಬ, ಅಲ್ಲ, ಅಂದ ಹುಲಗಪ್ಪ, ಮತ್ತೇನ್ರಿ, ಸುಮ್ನ ಮಾತಾಡಾಕತ್ತೀವಿ, ಮಾತಾಡಿದ್ರ ಏನಾಕ್ಕೈತ್ರಿ — ಪಕ್ಕದವರೂ ನಕ್ಕರು, ಇವನು ಮುಖ ತಿರುಗಿಸಿಕೊಂಡ, ಮೂವತ್ನಾಲ್ಕಕ್ಕೇ ಕಾಕಾ, ಕೂದಲು ಹಣ್ಣಾಗಿದೆ, ಇರಲಿ. ಮಾತಾಡಿದರೆ ಏನಾಗುತ್ತದೆ, ಏನೆಲ್ಲ ಆಗಲಿಲ್ಲ, ಆ ತಿಂಗಳೇ ಗುಡುಸಾಬ ಬೆಟಗೇರಿ ಬಿಟ್ಟ, ಲಕ್ಷ್ಮೇಶ್ವರಕ್ಕೆ ಹೋಗಿ ಅಪ್ಪನ ಬಿಲ್ಲು ಹಿಡಿದ, ಹೆಗಲ ಮೇಲೆ ಅರಳೆ ಹಿಂಜುವ ಬಿಲ್ಲು ಹೊತ್ತು ಬಾಳೆಹೊಸೂರು, ಶಿರಹಟ್ಟಿ ಸುತ್ತಿದ, ಯಾರದೋ ಪಡಸಾಲೆಯಲ್ಲಿ ಕೂತು ಹಳೆಯ ಗಾದಿಯ ಅರಳೆ ಹಿಂಜಿದ, ಅಮೀನಬಿಯನ್ನು ಮದುವೆಯಾದ, ಸಾಬೀರಾ ಹುಟ್ಟಿದಳು, ಹುಬ್ಬಿಗೂ ಮೀಸೆಗೂ ಬಿಳಿ ಎಳೆ ಹತ್ತಿಕೊಂಡಿರುತ್ತಿದ್ದವು, ಮುದುಕನಾಗಿ ಕಾಣತೀನೇನಲೇ ಅಂತ ನಗುತ್ತಿದ್ದ, ಗಿರಣಿಯಲ್ಲಾದರೂ ಅರಳೆಯೇ ಅಲ್ಲವೇ, ಅಲ್ಲಿಯೂ ಧೂಳೇ, ಅಲ್ಲಿಗೆ ಹೋಗಿದ್ದರೂ ಇದೇ ಕೆಮ್ಮು ಬರುತ್ತಿತ್ತು ಅಂತ ಹುಲಗಪ್ಪ ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿಲ್ಲ, ಆದರೆ ಅದೂ ಸುಳ್ಳು, ಚೆಂಡಾಡುವವರನ್ನು ಗಿರಣಿಯವರು ಬಾಗಿಲ ಕಾವಲಿಗೆ ಹಾಕುತ್ತಾರೆ, ಖಾಕಿ ಅಂಗಿ, ಬಯಲ ಗಾಳಿ, ಅವತ್ತು ಆರಿಸಿಕೊಂಡ ಇಬ್ಬರನ್ನು ಅವನೇ ಹುಬ್ಬಳ್ಳಿಗೆ ಹೋದಾಗ ಕಂಡಿದ್ದ, ಗುಂಡಗೆ ಇದ್ದರು. ಹುಲಗಪ್ಪ ವರ್ಷಕ್ಕೊಮ್ಮೆ ಲಕ್ಷ್ಮೇಶ್ವರಕ್ಕೆ ಹೋಗಿ ಬರುತ್ತಿದ್ದ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ, ಮಗ್ಗ ಹೆಂಗ ನಡದೈತಿ, ಗುರುಸಿದ್ದವ್ವ ಆರಾಮ ಅದಾಳೇನು, ಮಾವ ಬುಡ್ಡೇಸಾಬ ಸಿಗತಾನೇನು, ಗುಡುಸಾಬ ಎಲ್ಲಾ ಕೇಳುತ್ತಿದ್ದ, ಚೆಂಡಿನ ಮಾತು ಮಾತ್ರ ಒಮ್ಮೆಯೂ ಇಲ್ಲ, ಹುಲಗಪ್ಪನ ಬಾಯಿಗೆ ಬಂದ ಮಾತು ಎಲೆ ಅಡಿಕೆಯ ಕೂಡ ಒಳಗೆ ಹೋಗುತ್ತಿತ್ತು, ಇನ್ನೇನು ಹೇಳಬೇಕು ಅನ್ನುವಷ್ಟರಲ್ಲಿ ಅವನಿಗೆ ಕೆಮ್ಮು, ಕೆಮ್ಮು ನಿಂತ ಮೇಲೆ ಏನು ಹೇಳುವುದು, ಬಸ್ಸಿನ ಹೊತ್ತಾಯಿತು ನಡಿಯಲೇ ಅಂತ ಗುಡುಸಾಬನೇ ಎದ್ದು ಓಣಿಯ ತುದಿಯವರೆಗೆ ಬರುತ್ತಿದ್ದ, ಎಡಗಾಲು ಒಂಚೂರು ಎಳೆದುಕೊಂಡು, ಆ ಬೈಠಕ್‌ಗಳ ಮೇಲೆ ಅದು ನೆಟ್ಟಗಾಗಲೇ ಇಲ್ಲ.

ಲಕ್ಷ್ಮೇಶ್ವರದಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು, ತರುಣರು ಹೊಸ ತಂಡ ಕಟ್ಟುತ್ತಲೇ ಇಳಿದು ಹೋದರು, ಓಣಿ ಗೊತ್ತು, ಬೇವಿನಮರ ಗೊತ್ತು, ಕಟ್ಟೆಯ ಮೇಲೆ ಗುಡುಸಾಬನ ತಾಯಿ ಮೋತಿಬಿ ಒಬ್ಬಳೇ ಕೂತಿದ್ದಳು, ಬಾರಪಾ ಹುಲಗಪ್ಪಾ ಅಂದಳು, ಅಳಲಿಲ್ಲ, ಚೀಲ ತೆಗೆದುಕೊಂಡು ಬಾಗಿಲ ಒಳಗೆ ಸರಿಸಿದಳು, ಬಾಗಿಲಿಗೆ ಪರದೆ ಬಿದ್ದಿದೆ, ಅಮೀನಬಿ ಗಂಡ ಸತ್ತ ದಿನಗಳನ್ನು ಪಾಲಿಸುತ್ತ ಒಳಗೆ ಇದ್ದಾಳೆ, ಪರಗಂಡಸರ ಮುಂದೆ ಬರುವ ಹಾಗಿಲ್ಲ, ಹಿಂಜುವ ಬಿಲ್ಲು ಗೋಡೆಗೆ ಆನಿಸಿ ನಿಂತಿದೆ, ಅದರ ನರದ ಹುರಿ ಸಡಿಲ ಮಾಡಿದ್ದಾರೆ, ಯಾರು ಮಾಡಿದರು, ಅವನೇ ಮಾಡಿಟ್ಟಿದ್ದನೇ, ತಡಾ ಆತು ಯವ್ವಾ, ನನಗ ನಿನ್ನೆ ತಿಳೀತು ಅಂದ, ಹೌದು, ತಡಾ ಆತು ಅಂದಳು ಆಕೆ, ಅಷ್ಟೇ ಅಂದಳು, ಆಗ ಏನಾಯಿತೋ, ಒಂಬತ್ತು ವರ್ಷ ಗಂಟಲಿನಿಂದ ಕೆಳಗಿಳಿದಿದ್ದೆಲ್ಲ ಮೇಲೆ ಬಂತು, ಯವ್ವಾ ನಾನ ಹೇಳಿದ್ದು, ಚಹಾದ ಅಂಗಡ್ಯಾಗ, ಅವನ ಮೊಣಕಾಲಿನ ಮಾತು ನಾನ ಹೇಳಿದ್ದು, ಯಾವ ಕಾಲು ಅಂದ್ರ ಅದನ್ನೂ ಹೇಳಿದೆ, ಇಲ್ಲಾಂದ್ರ ಅವನ ಹೆಸರು ಮೊದಲ ಇತ್ತು, ಅವನು ಈ ಬಿಲ್ಲ ಹಿಡೀತಿದ್ದಿಲ್ಲ — ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು, ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು, ಪರದೆಯ ಒಳಗಿನಿಂದ ಅಮೀನಬಿಯ ದನಿ ಬಂತು, ಅವರಿಗೆ ಗೊತ್ತಿತ್ತರಿ ಅಣ್ಣಾರ. ಏನು ಗೊತ್ತಿತ್ತು, ಏನಂದೆವ್ವಾ. ನೀವ ಅಂತ ಗೊತ್ತಿತ್ತರಿ, ಅವತ್ತ ಗೊತ್ತಾಗಿತ್ತಂತ, ಮೊಣಕಾಲ ಒತ್ತಿ ನೋಡಿದ ಸಾಹೇಬನ ಹೇಳಿದನಂತ, ನಿನ್ನ ಅಂಗಿ ಹಿಡಕೊಂಡು ನಿಂತಾನಲ್ಲ, ಅವನ ಹೇಳಿದ್ದು ಅಂತ, ನೀವು ಬರೂ ದಿನ ನನಗ ಹೇಳಿ ಇಡತಿದ್ರು, ಹುಲಗ್ಯಾ ಬರತಾನ, ಚೆಂಡಿನ ಮಾತ ಯಾರೂ ತಗೀಬ್ಯಾಡ್ರಿ, ಅವ ನೊಂದಕೋತಾನ ಅಂತ. ಮೋತಿಬಿ ಈಗ ಕಣ್ಣೊರೆಸಿಕೊಂಡಳು, ಚಹಾ ಕುಡದು ಹೋಗಪಾ ಅಂದಳು, ಅವನು ಹೂಂ ಅಂದ, ಎದ್ದು ನಿಂತ, ಮತ್ತೆ ಕೂತ, ಒಂಬತ್ತು ಸಲದ ಎಲೆ ಅಡಿಕೆ, ಓಣಿಯ ತುದಿಯವರೆಗೆ ಎಳೆದ ಕಾಲು, ಎಲ್ಲಾ ಗೊತ್ತಿದ್ದೂ, ಅವತ್ತೇ ಗೊತ್ತಿದ್ದೂ, ಕುರ್ಚಿಯಿಂದ ತಿರುಗಿ ಮೈದಾನದ ನಡುವೆ ಬರುವಾಗಲೇ ಗೊತ್ತಿದ್ದೂ — ಹಾಗಾದರೆ ಆ ಬೈಠಕ್ ಯಾರಿಗೆ ತೋರಿಸಿದ್ದು, ಜೀಪು ಹೋದದ್ದು ಯಾವ ಕಡೆಗೆ, ಸ್ಟೇಶನ್ನಿನ ಕಡೆಗೆ, ಗುಡುಸಾಬನ ಬೆನ್ನಿನ ಕಡೆಗೆ, ಅವನ ಮುಖ ಜೀಪಿಗೆ ಇರಲೇ ಇಲ್ಲ, ಮಂದಿಗೂ ಇರಲಿಲ್ಲ, ಮುಖ ಇದ್ದದ್ದು ಸುಣ್ಣದ ಗೆರೆಗೆ, ಅಂಗಿ ಹಿಡಿದವನಿಗೆ, ನೋಡ್ರಿ ಅಂದದ್ದು ಮಂದಿಗೆ, ಆಮೇಲೆ ಮಂದಿಯೆಲ್ಲ ಹೋದ ಮೇಲೆ ರಿ ಬಿಟ್ಟು, ನೋಡು, ಎಲ್ಲೈತಿ ನೋವು, ನೋಡು, ಕೈ ಎರಡೂ ಮುಂದೆ ಚಾಚಿ, ಕೂರುತ್ತಾನೆ, ಎಡಗಾಲು ನಡುಗುತ್ತದೆ, ಕಣ್ಣು ಕದಲುವುದಿಲ್ಲ, ಏಳುತ್ತಾನೆ, ಕೂರುತ್ತಾನೆ, ಏಳುತ್ತಾನೆ, ನೋಡು, ಕೂರುತ್ತಾನೆ —