ಅಂಥಾ ಕೇಸು

“ಅಂಥಾ ಕೇಸಿನವನ್ನ ಮನೇಲಿಟ್ಕೊಂಡು ನಮ್ ನಲ್ಲಿ ಮುಟ್ತೀಯಲ್ಲೇ, ಬಿಡೇ ಕೊಡ!”

ಮನೆಯೊಡತಿ ಕಿತ್ತೆಸೆದ ಕೊಡ ಅಂಗಳದಲ್ಲಿ ಉರುಳಿತು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಎಂಥಾ ಕೇಸಮ್ಮಾ? ಬಾಯ್ಬಿಟ್ಟು ಹೇಳಿ.”

“ಥೂ! ನನ್ ಬಾಯಲ್ಲಿ ಬೇರೆ ಹೇಳಿಸ್ತೀಯಾ? ಪೇಪರ್‌ನಲ್ಲೇ ಬಂದಿದೆ. ನಮ್ಮನೇಲಿ ವಯಸ್ಸಿಗೆ ಬಂದ ಹುಡ್ಗೀರಿದ್ದಾರೆ. ಇನ್ನೊಂದು ದೂರು ಕಿವಿಗೆ ಬೀಳ್ಲಿ, ನಿಮ್ ಪಾತ್ರೆ ಪಗಡ ಬೀದೀಲಿರುತ್ತೆ.”

ಪೇಪರಿನಲ್ಲಿ ಬಂದದ್ದು ಒಂದೇ ಸಾಲು: ಮಹಿಳೆಯರ ಎದುರು ಅಸಭ್ಯ ವರ್ತನೆ, ವ್ಯಕ್ತಿಯ ಬಂಧನ. ಆ ವ್ಯಕ್ತಿ ನಮ್ಮ ಭಾವ. ಅವನೂ ನಾನೂ ಚರಂಡಿ ಗುಂಡಿಗೆ ಇಳಿಯುವವರು. ಚಡ್ಡಿಯಲ್ಲೇ ಇಳಿಯಬೇಕು. ಒಳಗಿನ ಕಬ್ಬಿಣದ ಮೆಟ್ಟಿಲು ತುಕ್ಕು ತಿಂದು ಕೊಕ್ಕೆಯಾಗಿರುತ್ತದೆ, ಬಟ್ಟೆ ಸಿಕ್ಕಿತೆಂದರೆ ಬಿಡುವುದಿಲ್ಲ. ದೊಡ್ಡ ಮನೆಗಳ ಬೀದಿಯಲ್ಲಿ ಅವನು ಮೇಲೆ ಬಂದು ಉಸಿರೆಳೆದುಕೊಳ್ಳುತ್ತಿದ್ದಾಗ ಮಹಡಿಯವರು ಪೊಲೀಸರಿಗೆ ಫೋನು ಮಾಡಿದರು. ಗುಂಡಿ ಉಕ್ಕಿದೆ, ಬೇಗ ಕಳಿಸಿ ಎಂದು ನಮ್ಮನ್ನು ಕರೆಸಿದ್ದೂ ಅವರೇ.

ಆ ಸಾಲು ನಮ್ಮ ಬೀದಿ ಮುಟ್ಟುವ ಹೊತ್ತಿಗೆ ಮೈಕೈ ತುಂಬಿಕೊಂಡಿತ್ತು. ನಲ್ಲಿಯ ಬಳಿಯ ಮಾತಿನಲ್ಲಿ ಭಾವ ಯಾವಳದೋ ಕೈ ಹಿಡಿದಿದ್ದ. ಮಾತು ಅಂಗಡಿ ದಾಟುವಷ್ಟರಲ್ಲಿ ಅವಳು ಶಾಲೆಗೆ ಹೋಗುವ ಹುಡುಗಿಯಾಗಿದ್ದಳು. ಕ್ಷೌರದವನು ಅವನ ಗಡ್ಡ ಮುಟ್ಟಲಿಲ್ಲ.

ಜಾಮೀನು ಸಿಕ್ಕ ಮೇಲಿನ ಮೊದಲ ಕೆಲಸವೂ ಅಂಥದೇ ಬೀದಿಯಲ್ಲಿ. ಮುಚ್ಚಳ ಎತ್ತಿದೆವು. ಭಾವ ಅಂಗಿ ಬಿಚ್ಚಲಿಲ್ಲ, ಪ್ಯಾಂಟೂ ಬಿಚ್ಚಲಿಲ್ಲ.

“ಬಿಚ್ಚು ಭಾವ, ಸಾಯ್ತೀಯ.”

“ಬಿಚ್ಚಿದ್ರೆ ನಿಮ್ಮಕ್ಕ ಬೀದೀಲಿ ಮಲಗ್ತಾಳೆ ಕಣೋ.” ಮಹಡಿಗಳ ಕಡೆ ನೋಡಿ ಹಲ್ಲು ಕಿರಿದ. “ಮದುವಣಿಗನ ಥರ ಇಳೀತೀನಿ, ಆರತಿ ಎತ್ತು ಬೇಕಾದ್ರೆ.”

“ಇಳಿಯೋ ಬೋಳಿಮಗನೆ, ಶೋಕಿ ಮಾಡ್ಬೇಡ,” ಅಂದ ಮೇಸ್ತ್ರಿ.

ಇಳಿದ. ಸ್ವಲ್ಪ ಹೊತ್ತು ಸಲಿಕೆಯ ಸದ್ದು. ಆಮೇಲೆ ಕೆಮ್ಮು. “ಎಳೀರೋ!” ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಎಳೆದೆವು. ಎಳೆದಷ್ಟೂ ಒಳಗೆ ಮೆಟ್ಟಿಲ ಕೊಕ್ಕೆಗೆ ಸಿಕ್ಕ ಬಟ್ಟೆ ಜಗ್ಗಿ ಹಿಡಿಯಿತು. ಕೆಮ್ಮು ನಿಂತುಹೋಯಿತು.

ನಾನು ಅಂಗಿ ಕಿತ್ತೆಸೆದೆ. ಪ್ಯಾಂಟು ಕಿತ್ತೆಸೆದೆ. ಮಹಡಿಯಲ್ಲಿ ಹೆಂಗಸೊಬ್ಬಳು ಮಗುವಿನ ಕಣ್ಣು ಮುಚ್ಚಿ ಒಳಗೆಳೆದುಕೊಂಡಳು. ಪಕ್ಕದಲ್ಲಿದ್ದ ಗಂಡಸು ಫೋನು ಕಿವಿಗಿಟ್ಟ.

“ಏಯ್, ಮೇಲೆ ಹೆಂಗಸ್ರಿದ್ದಾರೋ!” ಮೇಸ್ತ್ರಿ ಕಿರುಚಿದ.

“ನೋಡ್ಲಿ ಬಿಡೋ, ಸೂಳೆಮಗನೆ!”

ಚಡ್ಡಿಯನ್ನೂ ಬಿಚ್ಚಿ ಅವನ ಮುಖಕ್ಕೆಸೆದು ಗುಂಡಿಗೆ ಕಾಲಿಟ್ಟೆ. ನಾಲ್ಕಾರು ಮೆಟ್ಟಿಲು ಇಳಿಯುವಷ್ಟರಲ್ಲೇ ಪಾದಕ್ಕೆ ಭಾವನ ತಲೆ ತಾಗಿತು. ಕೂದಲು ಇನ್ನೂ ಒದ್ದೆಯಾಗಿರಲಿಲ್ಲ.